ಕೇಶವಯ್ಯನವರ ನೂಲಂಗಡಿ ಹಿಂದಿ

ಕೇಶವಯ್ಯನವರಿಗೆ ಹಿಂದಿ ಬರುತ್ತದೆ ಎಂಬುದು ಹಿಂದೂಪುರದ ಆ ನೇಕಾರರ ಬೀದಿಯಲ್ಲಿ ನಲವತ್ತು ವರ್ಷಗಳಿಂದ ಎಲ್ಲರಿಗೂ ಗೊತ್ತಿತ್ತು. ಅದು ಸುಳ್ಳೆಂದು ಗೊತ್ತಿದ್ದವರು ಕೇಶವಯ್ಯನವರೊಬ್ಬರೇ.

ಇಪ್ಪತ್ತಮೂರನೇ ವಯಸ್ಸಿನಲ್ಲಿ ಅವರು ಸೂರತ್ತಿಗೆ ಹೋಗಿ ಒಂದು ನೂಲಿನ ಅಂಗಡಿಯಲ್ಲಿ ಹನ್ನೊಂದು ತಿಂಗಳು ಇದ್ದರು. ಬಣ್ಣಗಳ ಹೆಸರು ಕಲಿತರು. ಒಳ್ಳೆಯ ಮಾಲು, ಕೆಟ್ಟ ಮಾಲು, ಡ್ಯಾಮೇಜು, ವಾಪಸ್ಸು, ಕಚ್ಚಾ, ಪಕ್ಕಾ, ಇಷ್ಟನ್ನು ಹೇಳಲು ಕಲಿತರು. ಮಿಕ್ಕ ವಿಷಯಗಳಿಗೆ ತಲೆ ಅಲ್ಲಾಡಿಸಿದರೆ ಸಾಕಾಗುತ್ತಿತ್ತು. ಅಲ್ಲಿನ ಊಟದ ಸಿಹಿ ಬೇಳೆ ತಾಳಲಾರದೆ ವಾಪಸ್ಸು ಬಂದ ದಿನ, ಹಿಂದೂಪುರದ ಸ್ಟೇಷನ್ನಿನಲ್ಲಿ ಇಳಿದವರು ಅಭ್ಯಾಸಬಲದಿಂದ ಹಮಾಲಿಗೆ "ಠೀಕ್ ಹೈ ಭಾಯ್" ಅಂದುಬಿಟ್ಟರು. ಕರೆದೊಯ್ಯಲು ಬಂದಿದ್ದ ಅವರ ತಾಯಿ ಆನಂದದಿಂದ ಕಣ್ಣೀರು ಹಾಕಿ, ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ ಮುಟ್ಟಿಸಿದರು.

ಆಮೇಲೆ ಅದನ್ನು ಯಾರೂ ಪರೀಕ್ಷಿಸಲಿಲ್ಲ. ಊರಲ್ಲಿ ಉರ್ದು ಮಾತಾಡುವವರು ಬೇಕಾದಷ್ಟು ಮಂದಿ ಇದ್ದರು. ಅವರೊಂದಿಗೆ ಕೇಶವಯ್ಯನವರು ತೆಲುಗಿನಲ್ಲೇ ಮಾತಾಡುತ್ತಿದ್ದರು. ಯಾಕೆ ಎಂದು ಯಾರಾದರೂ ಕೇಳಿದರೆ, "ಅವರ್ದು ಉರ್ದು ಕಣಪ್ಪ, ನಂದು ಹಿಂದಿ. ಎರಡ್ನೂ ಬೆರೆಸ್ಬಾರ್ದು" ಎನ್ನುತ್ತಿದ್ದರು. ಮೊದಲು ಮಗ್ಗ ನೇಯ್ದರು, ನಂತರ ಸೀರೆಯ ಗಂಟು ಹೊತ್ತು ಕಲ್ಯಾಣದುರ್ಗದ ಕಡೆಯ ಹಳ್ಳಿಗಳಿಗೆ ವ್ಯಾಪಾರಕ್ಕೆ ಹೋದರು. ಅರವತ್ತು ದಾಟಿದ ಮೇಲೆ ಹೆಂಡತಿ ಗಂಗಾದೇವಿಯ ಮಾತು ಕೇಳಿ ಮನೆಯಲ್ಲಿ ಕುಳಿತರು. ಜೀವನ ಹಾಗೆಯೇ ಮುಗಿದಿದ್ದರೆ ಹಿಂದಿ ಪಂಡಿತರೆಂಬ ಹೆಸರಿನಲ್ಲೇ ಮುಗಿಯುತ್ತಿತ್ತು.

ಆದರೆ ಪೆನುಕೊಂಡದ ಕಡೆ ಕಾರ್ಖಾನೆಗಳು ಬಂದವು, ಕಾರ್ಖಾನೆಗಳಿಗೆ ಬಿಹಾರದಿಂದ ಕೆಲಸಗಾರರು ಬಂದರು. ಅವರಲ್ಲಿ ಐದು ಜನಕ್ಕೆ ಎದುರುಮನೆಯ ಯಶೋದಾ ತಮ್ಮ ಮಹಡಿಯನ್ನು ಬಾಡಿಗೆಗೆ ಕೊಟ್ಟರು.

ಬೀದಿ ಎರಡಾಯಿತು. ಜೆರಾಕ್ಸ್ ಅಂಗಡಿಯ ಮುರಳೀಕೃಷ್ಣ, "ಹಿಂಗೇ ಬಿಟ್ರೆ ನಮ್ ಸಂಸ್ಕೃತಿ ಏನಾಯ್ತದೆ?" ಎಂದು ಬಂದವರನ್ನೆಲ್ಲ ಕೇಳತೊಡಗಿದ. ಅವನ ಸ್ವಂತ ಅಣ್ಣ ಹನ್ನೆರಡು ವರ್ಷದಿಂದ ಕುವೈತಿನಲ್ಲಿದ್ದಾನಲ್ಲ ಎಂದು ಯಾರೋ ನೆನಪಿಸಿದಾಗ, "ಅದು ಬೇರೆ. ಅವ್ನು ಕೆಲ್ಸಕ್ಕೆ ಹೋಗವ್ನೆ" ಎಂದ. ಕಿರಾಣಿ ಅಂಗಡಿಯ ಅಮೃತಾ ಮಾತ್ರ ಬಂದವರ ಪಕ್ಷ. ಹತ್ತು ವರ್ಷದಲ್ಲಿ ಮಾರದಷ್ಟು ಗೋಧಿ ಹಿಟ್ಟನ್ನು ಆಕೆ ಮೂರು ತಿಂಗಳಲ್ಲಿ ಮಾರಿದ್ದಳು. ಯಶೋದಾ ಯಾವ ಪಕ್ಷವೂ ಅಲ್ಲ. ಆ ಐದು ಜನ ಮಹಡಿ ಮೆಟ್ಟಿಲನ್ನು ದಿನಾ ಗುಡಿಸುತ್ತಾರೆ, ಹಿಂದಿನ ಬಾಡಿಗೆಯವರು ನನ್ನ ಸ್ವಂತ ನಾದಿನಿಯಾದರೂ ಒಂದು ದಿನ ಗುಡಿಸಲಿಲ್ಲ, ಇಷ್ಟೇ ಆಕೆಯ ಮಾತು.

ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಯಶೋದಾ ಮನೆಯ ಗೇಟಿನ ಮುಂದೆ ಎಲ್ಲರೂ ಸೇರಿದರು. ಮಹಡಿಯವರ ಪರವಾಗಿ ಲಲನ್ ಎಂಬ ಎತ್ತರದ ಮನುಷ್ಯ ಇಳಿದು ಬಂದು ಕೈಮುಗಿದು ನಿಂತ. ನಡುವೆ ನಿಂತು ಮಾತು ದಾಟಿಸಲು ಕೇಶವಯ್ಯನವರನ್ನು ಕರೆಸಲಾಯಿತು. ತಪ್ಪಿಸಿಕೊಳ್ಳಲು ಅವರು ಹೊಟ್ಟೆನೋವೆಂದರು. ಗಂಗಾದೇವಿ ಓಮದ ನೀರು ಕುಡಿಸಿ ಕಳಿಸಿದರು.

ಮುರಳೀಕೃಷ್ಣ ಶುರು ಮಾಡಿದ. "ಹೇಳಿ ಅವ್ರಿಗೆ. ಆ ಸಾಸಿವೆ ಎಣ್ಣೆ ಕಾಯಿಸಿದ್ರೆ ಬೀದಿಗೆಲ್ಲ ಕಣ್ಣು ಉರೀತದೆ. ಫೋನಲ್ಲಿ ಹಾಡು ಜೋರಾಗಿ ಹಾಕ್ತಾರೆ. ಹೊಂದ್ಕೊಂಡು ಇರಾದಾದ್ರೆ ಇರ್ಲಿ, ಇಲ್ಲಾಂದ್ರೆ ಅವರೂರಿಗೆ ವಾಪಸ್ ಹೋಗ್ಲಿ."

ಕೇಶವಯ್ಯನವರು ಕಣ್ಣು ಮುಚ್ಚಿ ತಮ್ಮ ದಾಸ್ತಾನನ್ನೆಲ್ಲ ತಡಕಾಡಿದರು. 'ವಾಪಸ್' ಎಂಬುದೊಂದು ಕೈಗೆ ಸಿಕ್ಕಿತು. ಅದರ ಜೊತೆ ಅಂಗಡಿಯಲ್ಲಿ ದಿನಕ್ಕೆ ನೂರು ಸಲ ಕೇಳಿದ್ದ ಮಾತು ತಾನಾಗಿಯೇ ಬಂತು.

"ಮಾಲ್ ಅಚ್ಛಾ ಹೈ," ಎಂದರು ಲಲನ್‌ಗೆ. "ಥೋಡಾ ಡ್ಯಾಮೇಜ್ ಹೈ. ಲೇಕಿನ್ ವಾಪಸ್ ನಹೀಂ ಹೋಗಾ."

ಲಲನ್ ಒಂದು ಕ್ಷಣ ಯೋಚಿಸಿದ. ನೀವು ಒಳ್ಳೆಯವರು, ಸಣ್ಣಪುಟ್ಟ ಊನಗಳಿವೆ, ಆದರೂ ನಿಮ್ಮನ್ನು ವಾಪಸ್ಸು ಕಳಿಸುವುದಿಲ್ಲ ಎಂದು ಇಡೀ ಬೀದಿ ತೀರ್ಮಾನಿಸಿದೆ ಎಂದು ಅವನಿಗೆ ಅರ್ಥವಾಯಿತು. ಅವನ ಕಣ್ಣು ತುಂಬಿ ಬಂತು. ಮುರಳೀಕೃಷ್ಣನ ಎರಡೂ ಕೈ ಹಿಡಿದು ಐದು ನಿಮಿಷ ಮಾತಾಡಿದ. ಅದರಲ್ಲಿ ಕೇಶವಯ್ಯನವರಿಗೆ ಸಿಕ್ಕಿದ್ದು 'ತೇಲ್', 'ದೀದಿ', 'ಪಾನಿ' ಎಂಬ ಮೂರು ಪದ.

"ಎಣ್ಣೆ ಬದಲಾಯಿಸ್ತಾರಂತೆ," ಎಂದರು ಅವರು. "ಯಶೋದಮ್ಮ ಅಕ್ಕ ಇದ್ದಂಗೆ ಅಂತವ್ರೆ. ನೀರು ಹೆಂಗೆ ಬೆರೀತದೋ ಹಂಗೆ ಬೆರೀತೀವಿ ಅಂದ್ರು."

ಕೊನೆಯ ಮಾತು ಎಲ್ಲಿಂದ ಬಂತೆಂದು ಅವರಿಗೇ ತಿಳಿಯಲಿಲ್ಲ. ಅಮೃತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಲಲನ್ ಹೇಳಿದ್ದು ಮಾತ್ರ ಬೀದಿಗೆಲ್ಲ ಧನ್ಯವಾದ, ಜೊತೆಗೆ ದೀದಿಯ ಟ್ಯಾಂಕಿನ ನೀರು ಯಾಕೋ ಎಣ್ಣೆ ವಾಸನೆ ಹೊಡೆಯುತ್ತದೆ ಎಂದು.

ಮಹಡಿಯವರು ಎಣ್ಣೆಯನ್ನು ಬದಲಾಯಿಸಲಿಲ್ಲ. ಬದಲಾಯಿಸಬೇಕೆಂದು ಅವರಿಗೆ ಗೊತ್ತೇ ಇರಲಿಲ್ಲ. ಆದರೆ ವಾರದೊಳಗೆ ಮುರಳೀಕೃಷ್ಣ ಅಂಗಡಿಗೆ ಬಂದವರಿಗೆಲ್ಲ, "ನೋಡಿ, ಗಟ್ಟಿಯಾಗಿ ಹೇಳಿದ್ರೆ ಯಾರಾದ್ರೂ ಕೇಳ್ತಾರೆ. ಈಗ ವಾಸನೆ ಎಲ್ಲೈತೆ?" ಎಂದು ಹೇಳತೊಡಗಿದ. ಸಾಯಂಕಾಲ ಮಹಡಿಯ ಕಿಟಕಿಯಿಂದ ಘಾಟು ಇಳಿದು ಬರುವ ಹೊತ್ತಿಗೆ ಅವನು ಅದರ ಕೆಳಗೇ ನಿಂತು ಮೂಗರಳಿಸಿ, ಶುದ್ಧ ಗಾಳಿ ಎಂದು ಹೊಗಳುತ್ತಿದ್ದ.

ಈ ಕೀರ್ತಿ ಕೇಶವಯ್ಯನವರಿಗೆ ಭಯ ಹುಟ್ಟಿಸಿತಾದರೂ ಸ್ವಲ್ಪ ರುಚಿಯನ್ನೂ ಹತ್ತಿಸಿತು. ಕಲ್ಯಾಣದುರ್ಗದ ಚೌಡಕ್ಕ ಒಂದು ದಿನ ಸೀರೆಯ ವಿಷಯಕ್ಕೆ ಫೋನ್ ಮಾಡಿದಾಗ ಅವರು ಬಾಯಿ ಬಿಗಿಹಿಡಿಯಲಿಲ್ಲ. ವ್ಯಾಪಾರದ ದಿನಗಳಲ್ಲಿ ಅವರು ಸೀರೆ ಗಂಟು ಇಳಿಸುತ್ತಿದ್ದುದು ಚೌಡಕ್ಕನ ಜಗಲಿಯ ಮೇಲೆ. ಇಡೀ ಕಥೆ ಕೇಳಿ ಆಕೆ ಹೇಳಿದಳು: "ಹಂಗಾದ್ರೆ ಒಸಿ ಇಲ್ಲಿಗೂ ಬಂದ್ಬುಡಪ್ಪ. ನನ್ನ ಹಿಂದ್ಲ ಮನೇಲೂ ನಾಕು ಜನ ಅವ್ರೆ. ಕರೆಂಟಿನ ಗಾಳಿಯಂತ್ರ ನೆಡೋರು. ಮೂರು ತಿಂಗ್ಳಾಯ್ತು, ಒಂದು ಮಾತು ಕಲೀಲಿಲ್ಲ. ನನ್ ತಮ್ಮ ಯರ್ರಿಸ್ವಾಮಿ ದಿನಾ ಜಗಳ ತೆಗೀತಾನೆ."

ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಎರಡು ಬಸ್ಸು ಬದಲಾಯಿಸಿ ಕೇಶವಯ್ಯನವರು ಕಲ್ಯಾಣದುರ್ಗಕ್ಕೆ ಹೋದರು. ಚೌಡಕ್ಕನ ಜಗಲಿಯ ಮೇಲೆ ಕುರ್ಚಿ ಹಾಕಿ ಕೂರಿಸಿ ಅವರಿಗೆ ಮಜ್ಜಿಗೆ ಕೊಟ್ಟರು. ಯರ್ರಿಸ್ವಾಮಿ ಹಳ್ಳಿಗಳಿಗೆ ಶೇರ್ ಜೀಪು ಓಡಿಸುವವನು. ಆ ನಾಲ್ವರೂ ದಿನಾ ಅವನ ಜೀಪಿನಲ್ಲೇ ಹೋಗಿ ಬರುತ್ತಿದ್ದರು, ಆದ್ದರಿಂದ ಅವರು ಊರು ಬಿಡುವುದು ಅವನಿಗೆ ಬೇಕಿರಲಿಲ್ಲ. ಅವರು ಇಲ್ಲಿರುವುದೂ ಬೇಕಿರಲಿಲ್ಲ.

"ಅವ್ರು ಬ್ಯಾಡ ಅಂತ ನಾನು ಅನ್ನಾಕಿಲ್ಲ," ಎಂದ ಅವನು. "ಆದ್ರೆ ಯಾವೂರಿಗೆ ಬಂದ್ರೋ ಆ ಊರ ಭಾಷೆ ಕಲೀಬೇಕಾ ಬ್ಯಾಡ್ವಾ? ತೆಲುಗು ಕಲೀಲಿ, ಇಲ್ಲಾ ಕನ್ನಡ ಕಲೀಲಿ. ಕಲೀದೆ ಹೋದ್ರೆ ನಮ್ಮೋರು ಅಂತ ಹೆಂಗೆ ಅನ್ಕೊಳ್ಳಾದು? ಇದಿಷ್ಟೂ ಹಿಂದೀಲಿ ಹೇಳ್ಬುಡಿ."

ಹಿಂದಿನ ಮನೆಯಿಂದ ನಾಲ್ವರಲ್ಲಿ ಹಿರಿಯನಾದ ನಿರಂಜನ್ ಎಂಬ ಒಡಿಶಾದವನು ಬಂದು ಕಂಬಕ್ಕೆ ಒರಗಿ ನಿಂತ. ನಲವತ್ತರ ಹತ್ತಿರದ, ಸಮಾಧಾನದ ಮುಖ. ಕೇಶವಯ್ಯನವರು ಗಂಟಲು ಸರಿಮಾಡಿಕೊಂಡರು. ಭಾಷೆ ಎಂಬುದಕ್ಕೆ ನೂಲಂಗಡಿಯಲ್ಲಿ ಪದವಿರಲಿಲ್ಲ. ಅದರ ಬದಲು ಬಣ್ಣವಿತ್ತು.

"ಇಧರ್ ಕಾ ಕಲರ್ ಪಕ್ಕಾ," ಎಂದರು ಗಂಭೀರವಾಗಿ. "ಉಧರ್ ಕಾ ಕಲರ್ ಕಚ್ಚಾ. ದೋನೋ ಮಿಕ್ಸ್ ಕರೋ. ನಹೀಂ ತೋ ಧೋನೇ ಕೇ ಬಾದ್ ದಿಕ್ಕತ್ ಹೋಗಾ."

ಇಲ್ಲಿನ ಬಣ್ಣ ಗಟ್ಟಿ, ಅಲ್ಲಿನದು ಬಿಡುತ್ತದೆ, ಎರಡನ್ನೂ ಬೆರೆಸದಿದ್ದರೆ ಒಗೆದ ಮೇಲೆ ತೊಂದರೆ ಎಂದು ಕೇಳಿದ ನಿರಂಜನ್ ತನ್ನ ಅಂಗಿಯನ್ನೊಮ್ಮೆ ನೋಡಿಕೊಂಡ. ಆಮೇಲೆ ಬಹಳ ಮರ್ಯಾದೆಯಿಂದ, ತಲೆ ಸ್ವಲ್ಪ ಬಗ್ಗಿಸಿ ಹೇಳಿದ: "ಅಜ್ಜಾರ, ನೀವು ಕನ್ನಡದಾಗನ ಹೇಳ್ರಿ. ಹಿಂದಿ ನನಗ ಬರ್ತದ. ನಿಮಗ ಬರಂಗಿಲ್ಲ."

ಕೇಶವಯ್ಯನವರ ಕಿವಿ ಬಿಸಿಯಾಯಿತು. ನಲವತ್ತು ವರ್ಷದ ಗುಟ್ಟು ಒಡಿಶಾದವನೊಬ್ಬನ ಬಾಯಲ್ಲಿ ಬಳ್ಳಾರಿ ಕನ್ನಡದಲ್ಲಿ ಹೊರಬಿತ್ತಲ್ಲ ಎಂದು ಅವರು ಮಜ್ಜಿಗೆಯ ಲೋಟದೊಳಕ್ಕೆ ನೋಡುತ್ತ ಕುಳಿತರು. ಎಲ್ಲರೂ ತಮ್ಮತ್ತ ತಿರುಗುತ್ತಾರೆಂದು ಕಾದರು. ಆದರೆ ಅವರ ಕಡೆ ಯಾರ ಗಮನವೂ ಇರಲಿಲ್ಲ.

"ಕನ್ನಡ ಬತ್ತದಾ ನಿಂಗೆ?" ಎಂದಳು ಚೌಡಕ್ಕ, ಸಣ್ಣ ದನಿಯಲ್ಲಿ.

"ಬಳ್ಳಾರಿ ಕಡೆ ಒಂಬತ್ತು ವರ್ಷ ಇದ್ದೆನ್ರಿ ಅಮ್ಮಾರ. ತೆಲುಗೂ ಬರ್ತದ."

"ಮತ್ತೆ ಇಷ್ಟು ದಿನ ಯಾಕೆ ಮಾತಾಡ್ಲಿಲ್ಲ?"

"ಯಾರೂ ಮಾತಾಡಿಸಲಿಲ್ರಿ. ನಮ್ಮನ್ನ ಕಂಡಕೂಡ್ಲೇ ಎಲ್ಲಾರೂ ಕೈ ಆಡಿಸ್ತಾರ. ಇಲ್ಲಿ ಪದ್ಧತಿ ಇದ ಇರಬೇಕು ಅಂತ ನಾವೂ ಕೈ ಆಡಿಸಿದ್ವಿ."

ಚೌಡಕ್ಕ ಮೆಲ್ಲಗೆ ಮೆಟ್ಟಿಲ ಮೇಲೆ ಕುಳಿತಳು. ಮೂರು ತಿಂಗಳಿಂದ ಅವನ ಎದುರಿಗೇ ನಿಂತು ಯಾರ್ಯಾರ ಬಗ್ಗೆ ಏನೇನು ಅಂದಿದ್ದೆನೆಂದು ಆಕೆ ನೆನಪಿಸಿಕೊಳ್ಳುತ್ತಿದ್ದಳು. ನೆನಪಾದಂತೆಲ್ಲ ಮುಖ ಸಣ್ಣದಾಗುತ್ತಿತ್ತು. ಯರ್ರಿಸ್ವಾಮಿಯ ಚಿಂತೆ ಬೇರೆ. ಅವನು ಕೇಶವಯ್ಯನವರ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದ: "ಇದು ಸರಿ ಬರಾಕಿಲ್ಲ. ಭಾಷೆನೂ ಕಲ್ತುಬುಟ್ಟವ್ನೆ ಅಂದ್ರೆ ಏನೋ ಲೆಕ್ಕ ಹಾಕೇ ಬಂದವ್ನೆ. ಇಷ್ಟು ಕಲಿಯೋ ಅವಸರ ಏನಿತ್ತು?"

"ಕಲೀಲಿಲ್ಲ ಅಂತ ತಾನೇ ನೀನು ಬೈತಿದ್ದುದು?" ಎಂದರು ಕೇಶವಯ್ಯನವರು.

"ಕಲೀಬೇಕು. ನಮ್ಗೆ ಗೊತ್ತಾಗೋ ಹಂಗೆ ಕಲೀಬೇಕು. ನಿಧಾನವಾಗಿ."

ಅಷ್ಟರಲ್ಲಿ ಚೌಡಕ್ಕ ಧೈರ್ಯ ತಂದುಕೊಂಡು ನಿರಂಜನ್‌ಗೆ ಹೇಳಿದಳು. "ನಾನು ನಿಮ್ಮನ್ನ ಏನಾದ್ರೂ ಅಂದಿದ್ರೆ ಮನಸ್ಸಿಗೆ ಹಾಕ್ಕಬ್ಯಾಡಪ್ಪ."

"ಇಲ್ರಿ ಅಮ್ಮಾರ," ಎಂದ ನಿರಂಜನ್, ನಿಜವಾಗಿಯೂ ಸಮಾಧಾನ ಹೇಳುವವನಂತೆ. "ನಮಗ ಬೈದದ್ದು ಬಾಳ ಕಡಿಮಿ. ಯರ್ರಿಸ್ವಾಮಿ ಅಣ್ಣಾಗ ಬೈದದ್ದು ಹೆಚ್ಚು."

ಯರ್ರಿಸ್ವಾಮಿ ನೆಟ್ಟಗಾದ. ಏನಂತ ಬೈದಳು ಎಂದು ಕೇಳಿದ. ನಿರಂಜನ್ ಹೇಳಲೊಲ್ಲೆ ಎಂದ. ಹೇಳಲೇಬೇಕೆಂದು ಯರ್ರಿಸ್ವಾಮಿ ಹಟ ಹಿಡಿದ. ಜೀಪಿನ ಬ್ರೇಕಿಗಿಂತ ಅವನ ಬಾಯಿಗೆ ಮೊದಲು ರಿಪೇರಿ ಆಗಬೇಕು ಎಂದಿದ್ದರು, ಅಷ್ಟೇ, ಎಂದು ನಿರಂಜನ್ ಬಹಳ ಹಿಂಜರಿಕೆಯಿಂದ ತಿಳಿಸಿದ. ಅಕ್ಕತಮ್ಮನ ಜಗಳ ಕನ್ನಡದಲ್ಲಿ ಹೊತ್ತಿಕೊಂಡು ತೆಲುಗಿಗೆ ಹಬ್ಬಿತು. ಇಬ್ಬರ ನಡುವೆ ನಿಂತು, "ಅಮ್ಮಾರು ಹಂಗಂದಿಲ್ರಿ, ಪ್ರೀತಿಲೆ ಅಂದಾರ" ಎಂದು ಅತ್ತಿಂದಿತ್ತ ಮಾತನ್ನು ಮೆದುಗೊಳಿಸಿ ದಾಟಿಸಿದವನು ನಿರಂಜನ್. ಕೇಶವಯ್ಯನವರು ಆ ಕೆಲಸಗಾರಿಕೆಯನ್ನು ಕಸುಬು ಬಲ್ಲವನ ಕಣ್ಣಿನಿಂದ ನೋಡಿ ಒಳಗೊಳಗೇ ತಲೆದೂಗಿದರು.

ಮಧ್ಯಾಹ್ನ ಮುದ್ದೆಯ ಊಟವಾದ ಮೇಲೆ ನಿರಂಜನ್ ಅವರನ್ನು ಬಸ್ ಸ್ಟ್ಯಾಂಡಿನ ತನಕ ಬಿಡಲು ಬಂದ. ದಾರಿಯಲ್ಲಿ ಕೇಶವಯ್ಯನವರು ಸೂರತ್ತಿನ ಹನ್ನೊಂದು ತಿಂಗಳ ಕಥೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಜನ್ಮದಲ್ಲಿ ಯಾರಿಗೂ ಹೇಳಿರಲಿಲ್ಲ. ಅಲ್ಲಿನವರು ಅವರನ್ನು ಮದ್ರಾಸಿ ಎಂದು ಕರೆಯುತ್ತಿದ್ದರು, ತಾನು ಮದರಾಸನ್ನು ಕಂಡೇ ಇಲ್ಲ ಎಂದು ಹೇಳಲು ಅವರಿಗೆ ಪದಗಳಿರಲಿಲ್ಲ.

"ನಮ್ಮನ್ನ ಇಲ್ಲಿ ಎಲ್ಲಾರೂ ಬಿಹಾರಿ ಅಂತಾರ್ರಿ," ಎಂದ ನಿರಂಜನ್. "ನಾನೂ ಬಿಹಾರ ನೋಡಿಲ್ಲ."

ಇಬ್ಬರೂ ನಿಂತು ನಕ್ಕರು. ಬಸ್ಸಿನ ಕಿಟಕಿ ಪಕ್ಕದ ಸೀಟನ್ನು ಟವೆಲ್ಲು ಹಾಕಿ ಹಿಡಿದುಕೊಟ್ಟು ನಿರಂಜನ್ ಇಳಿದುಹೋದ.

ಹಿಂದೂಪುರಕ್ಕೆ ಮರಳಿದ ಮೇಲೆ ಕೇಶವಯ್ಯನವರು ಎರಡು ದಿನ ಯೋಚಿಸಿದರು. ಮೂರನೇ ದಿನ ಸಂಜೆ ಯಶೋದಾ ಮನೆಯ ಮಹಡಿ ಹತ್ತಿ, ಲಲನ್‌ನ ಮುಂದೆ ಒಂದು ನೋಟ್‌ಬುಕ್ಕು ಇಟ್ಟು ಕುಳಿತರು. ಸನ್ನೆಯಲ್ಲೇ ಒಪ್ಪಂದವಾಯಿತು. ಲಲನ್ ಅವರಿಗೆ ಹಿಂದಿ ಕಲಿಸಬೇಕು, ಅವರು ಅವನಿಗೆ ತೆಲುಗು, ಬಿಡುವಾದರೆ ಕನ್ನಡ. ಅಂದಿನಿಂದ ಪಾಠ ತಪ್ಪಿಲ್ಲ. ಬೀದಿಯವರಿಗೆ ಇದರ ಬಗ್ಗೆಯೂ ಅಭಿಪ್ರಾಯಗಳಿವೆ. ಹೊರಗಿನವರನ್ನು ಹದ್ದುಬಸ್ತಿನಲ್ಲಿಡಲು ಹಿರಿಯರು ದಿನಾ ಹೋಗಿ ಬರುತ್ತಾರೆ ಎಂದು ಮುರಳೀಕೃಷ್ಣ ಹೇಳುತ್ತಾನೆ. ರೊಟ್ಟಿಯ ಆಸೆಗೆ ಹೋಗುತ್ತಾರೆ ಎನ್ನುತ್ತಾಳೆ ಅಮೃತಾ. ಗಂಗಾದೇವಿ ಮಾತ್ರ ಮನೆಯಲ್ಲಿ ಸಂಜೆ ಎರಡು ಗಂಟೆ ನೆಮ್ಮದಿ ಎಂದಿದ್ದಾರೆ.

ವಿದ್ಯಾರ್ಥಿ ಚುರುಕಾಗಿದ್ದಾರೆಂದು ಲಲನ್‌ನ ಮೆಚ್ಚುಗೆ. ನಿನ್ನೆ, ಇಂದು, ನಾಳೆ ಎಲ್ಲವನ್ನೂ ತಪ್ಪಿಲ್ಲದೆ ಹೇಳುತ್ತಾರಂತೆ. ಒಂದೇ ಒಂದು ಕಡೆ ಪಾಠ ನಿಂತಿದೆ. ಹಿಂದಿಯಲ್ಲಿ ಬಸ್ಸು ಹೆಣ್ಣು, ಟ್ರಕ್ಕು ಗಂಡು. ಹಾಗೆಂದು ಯಾರು, ಯಾವಾಗ, ಏನು ನೋಡಿ ತೀರ್ಮಾನಿಸಿದರು ಎಂದು ಕೇಶವಯ್ಯನವರು ಹತ್ತು ದಿನದಿಂದ ಕೇಳುತ್ತಿದ್ದಾರೆ, ಮತ್ತು ಸರಿಯಾದ ಉತ್ತರ ಸಿಗುವವರೆಗೆ ಮುಂದಿನ ಪುಟ ತಿರುವುವುದಿಲ್ಲ ಎಂದು ಕುಳಿತಿದ್ದಾರೆ.