ಜಸ್ಸಾಸಿಯದ ಚೆನ್ನೆಮಣೆ

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಯಾರಾದರೂ ಬಾವಿಕಟ್ಟೆಯಲ್ಲಿ ಏನೋ ಕಂಡೆ ಎಂದರೆ ‘ಬಿ.ಪಿ. ನೋಡಿಸಿಕೊಂಡಿರಾ?’ ಎಂದು ಕೇಳಿ ಅವರ ಉತ್ಸಾಹಕ್ಕೆ ತಣ್ಣೀರೆರಚುತ್ತಿದ್ದೆ. ನನ್ನ ಕೆಲಸವೂ ಅಂಥದ್ದೇ. ದೋಹಾದ ಬಿನ್ ಮಹಮೂದ್ ಬಡಾವಣೆಯ ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ರಕ್ತಕಣ ಎಣಿಸುವುದು. ಎಣಿಕೆಗೆ ಸಿಕ್ಕಿದ್ದು ಇದೆ, ಸಿಗದ್ದು ಇಲ್ಲ, ಅಷ್ಟೇ. ಆದ್ದರಿಂದ ಈಗ ಬರೆಯುತ್ತಿರುವುದನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನಾನೇ ಇನ್ನೂ ಪೂರ್ತಿ ನಂಬಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಕಾರ್ಕಳದಲ್ಲಿದ್ದ ನನ್ನ ಅಕ್ಕ ನನ್ನೊಂದಿಗೆ ಮಾತು ಬಿಟ್ಟು ಆಗ ಆರು ವರ್ಷವಾಗಿತ್ತು. ಅಮ್ಮ ತೀರಿಕೊಂಡಾಗ ನನಗೆ ಹೊತ್ತಿಗೆ ಸರಿಯಾಗಿ ಹೋಗಲಾಗಲಿಲ್ಲ. ನಮ್ಮ ಪಾಸ್‌ಪೋರ್ಟು ಕೆಲಸ ಕೊಟ್ಟವರ ಕೈಯಲ್ಲಿ, ಅವರು ಊರಲ್ಲಿರಲಿಲ್ಲ, ಅವರ ಸಹಿಯಿಲ್ಲದೆ ವಿಮಾನ ಹತ್ತುವಂತಿರಲಿಲ್ಲ. ಸಹಿ ಸಿಕ್ಕಿ ನಾನು ಮನೆ ಮುಟ್ಟಿದ್ದು ಐದನೆಯ ದಿನ. ಅಂಗಳದಲ್ಲೇ ಅಕ್ಕ, “ಈಗ ಯಾರನ್ನು ನೋಡ್ಲಿಕ್ಕೆ ಬಂದದ್ದು?” ಎಂದಳು. ನಾನಾದರೂ ಬಾಯಿ ಮುಚ್ಚಿಕೊಳ್ಳಬೇಕಿತ್ತು. ಅಮ್ಮನನ್ನು ದೊಡ್ಡ ಆಸ್ಪತ್ರೆಗೆ ಸೇರಿಸದೆ ಕೊಂದವಳು ನೀನೇ ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಮೇಲೆ ನಾನು ಬರೆದ ಯಾವ ಕಾಗದಕ್ಕೂ ಉತ್ತರ ಬರಲಿಲ್ಲ. ಫೋನ್ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತಿದ್ದಳು. ನನಗೆ ತವರು ಅಂತ ಉಳಿದದ್ದು ಅವಳೊಬ್ಬಳೇ.

ನನ್ನ ಗಂಡ ಮೈಸೂರಿನವರು. ಹಳೆಯ ಕಲ್ಲು ಎಂದರೆ ಊಟ ಬಿಟ್ಟು ಓಡುವ ಜಾತಿ. ಮುತ್ತಿನ ವ್ಯಾಪಾರ ನಿಂತು ಹಾಳುಬಿದ್ದ ಜುಬಾರಾ ಪಟ್ಟಣ, ಅಲ್ಲಿನ ಕೋಟೆ, ದೋಹಾದ ಮ್ಯೂಸಿಯಂ ಎಲ್ಲ ನನ್ನನ್ನು ಎಳೆದುಕೊಂಡು ಸುತ್ತಿಸಿದ್ದರು. ನನಗೆ ಕಾಲುನೋವು ಬಿಟ್ಟರೆ ಬೇರೇನೂ ದಕ್ಕಿರಲಿಲ್ಲ. ಆದರೆ ಮ್ಯೂಸಿಯಮ್ಮಿನ ಗೋಡೆಯ ಮೇಲಿನ ಒಂದು ಫೋಟೋದ ಮುಂದೆ ಮಾತ್ರ ನಿಂತುಬಿಟ್ಟೆ. ಬಯಲ ಬಂಡೆಯಲ್ಲಿ ಕೊರೆದ ಎರಡು ಸಾಲು ಗುಳಿ. ಎಣಿಸಿದೆ. ಸಾಲಿಗೆ ಏಳು.

“ಇದು ಚೆನ್ನೆಮಣೆ!” ಎಂದೆ.

“ನಮ್ ಕಡೆ ಅಳಗುಳಿಮಣೆ ಅಂತೀವಿ ಕಣೇ. ನಮ್ಮಜ್ಜಿ ಆಡ್ತಿದ್ರು,” ಎಂದರು ಅವರು. ಉತ್ತರದ ಕಡಲ ಹತ್ತಿರ ಜಸ್ಸಾಸಿಯ ಎಂಬ ಕಲ್ಲುಗುಡ್ಡದಲ್ಲಿ ಇಂಥವು ಬೇಕಾದಷ್ಟು ಇವೆಯೆಂದೂ, ಕೊರೆದವರು ಯಾರೆಂದು ಸರಿಯಾಗಿ ಗೊತ್ತಿಲ್ಲವೆಂದೂ ಅಲ್ಲಿ ಬರೆದಿತ್ತು.

ಚೆನ್ನೆ ಗೊತ್ತಿಲ್ಲದವರಿಗೆ ಎರಡು ಮಾತು. ಗುಳಿಗೆ ನಾಲ್ಕರಂತೆ ಹದಿನಾಲ್ಕು ಗುಳಿಗೆ ಐವತ್ತಾರು ಕಾಯಿ. ನಮ್ಮ ಸಾಲಿನ ಒಂದು ಗುಳಿಯ ಕಾಯಿ ತೆಗೆದು ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿತ್ತುತ್ತ ಹೋಗಬೇಕು. ಕೈಯ ಕಾಯಿ ಮುಗಿದಾಗ ಮುಂದೆ ಖಾಲಿ ಗುಳಿ ಸಿಕ್ಕರೆ ಅದರಾಚೆಯ ಗುಳಿಯದ್ದು ನಮ್ಮ ಗೆಲುವು. ತುಳುನಾಡಿನಲ್ಲಿ ಮಳೆಗಾಲದ ಆಟಿ ತಿಂಗಳಲ್ಲಿ ಮಾತ್ರ ಮಣೆ ಅಟ್ಟದಿಂದ ಇಳಿಯುತ್ತದೆ. ಇನ್ನೊಂದು ಕಟ್ಟಳೆ, ಒಡಹುಟ್ಟಿದ ಅಕ್ಕ ತಂಗಿ ಎದುರುಬದುರು ಕೂತು ಆಡಬಾರದು. ಆಡಿದರೆ ಮಾತು ಬಿಡುತ್ತಾರೆ ಎನ್ನುತ್ತಾರೆ. ನಾವು ಕೇಳುತ್ತೇವೆಯೇ? ಚಿಕ್ಕವರಿದ್ದಾಗ ಅಟ್ಟದಲ್ಲಿ ಕದ್ದು ಆಡುತ್ತಿದ್ದೆವು. ಅಕ್ಕ ಎಡಚಿ. ಎಲ್ಲರೂ ಎಡದಿಂದ ಬಲಕ್ಕೆ ಬಿತ್ತಿದರೆ ಅವಳದು ಬಲದಿಂದ ಎಡಕ್ಕೆ. ಅದಕ್ಕೇ ನಮ್ಮ ಜಗಳ. ಒಮ್ಮೆ ಆಟದ ನಡುವೆ ಅಮ್ಮ ಹತ್ತಿ ಬಂದು, ಕೆಂಪು ಮಂಜೊಟ್ಟಿ ಬೀಜಗಳನ್ನೆಲ್ಲ ಗುಡಿಸಿ ಇಬ್ಬರ ಬೆನ್ನಿಗೂ ಒಂದೊಂದು ಬಿಟ್ಟಿದ್ದರು.

ಚಳಿಗಾಲದ ಒಂದು ಶುಕ್ರವಾರ ಮಧ್ಯಾಹ್ನ ಜಸ್ಸಾಸಿಯಕ್ಕೆ ಹೊರಟೆವು. ದೋಹಾ ಅಲ್ ಜದೀದಾ ಎಂಬ ಬಡಾವಣೆಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಉಳ್ಳಾಲದ ಹಮೀದ್ ತಮ್ಮ ಪಿಕಪ್ಪಿನಲ್ಲಿ ಕರೆದುಕೊಂಡು ಹೋದರು. ದಾರಿಯಲ್ಲಿ ಕಡಲತೀರದಲ್ಲಿ ಊಟ ಮಾಡಿದೆವು. ಏನನ್ನಿಸಿತೋ, ನಾನು ಸಣ್ಣ ಬಿಳಿ ಚಿಪ್ಪುಗಳನ್ನು ಆರಿಸಿ ಸೆರಗಿಗೆ ಕಟ್ಟಿಕೊಂಡೆ. ಸರಿಯಾಗಿ ಐವತ್ತಾರು.

ಗುಡ್ಡ ಎಂದರೆ ದೊಡ್ಡದೇನಲ್ಲ, ತಗ್ಗು ಸುಣ್ಣಕಲ್ಲಿನ ದಿಬ್ಬ. ಸುತ್ತ ಮರಳು, ನಮ್ಮದು ಬಿಟ್ಟರೆ ಒಂದು ವಾಹನವಿಲ್ಲ. ಮೊದಲ ಬಂಡೆಯಲ್ಲೇ ಗುಳಿಗಳನ್ನು ಕಂಡು ಹಮೀದ್ ಬಾಯಿಬಿಟ್ಟರು. “ಎಂತ ಅಕ್ಕಾ, ನಮ್ಮೂರಿನ ಚೆನ್ನೆಮಣೆ ಅಲ್ವಾ! ಇದನ್ನು ಇಲ್ಲಿಗೆ ಯಾರು ತಂದದ್ದು ಮಾರಾಯ್ರೆ?”

ನಾನು ಕೂತು ಗುಳಿಗೆ ನಾಲ್ಕರಂತೆ ಚಿಪ್ಪು ತುಂಬಿದೆ. ಕೈ ತಾನಾಗಿಯೇ ಒಂದು ಗುಳಿಯ ಚಿಪ್ಪೆತ್ತಿ ಬಿತ್ತಿ ಒಂದು ಆಟ ಆಡಿತು. ಎದುರಿಗೆ ಯಾರೂ ಇಲ್ಲವಲ್ಲ ಎಂದು ನಗು ಬಂತು. ಅಷ್ಟರಲ್ಲಿ ನನ್ನವರು ದೋಣಿಯ ಚಿತ್ರ ಸಿಕ್ಕಿತೆಂದು ಕೂಗಿದರು. ಹೋದೆ. ಹಮೀದೂ ಬಂದರು. ಹುಟ್ಟುಗಳ ಸಮೇತ ಕೊರೆದ ದೋಣಿ. ಅದನ್ನು ಹದಿನೈದು ನಿಮಿಷ ನೋಡಿರಬಹುದು. ಮೂವರೂ ಒಟ್ಟಿಗಿದ್ದೆವು.

ತಿರುಗಿ ಬಂದಾಗ ಎದುರು ಸಾಲಿನಿಂದ ಒಂದು ಆಟ ಆಗಿತ್ತು.

ದಿನವಿಡೀ ಎಣಿಸುವವಳು ನಾನು, ಯಾವ ಗುಳಿಯಲ್ಲಿ ಎಷ್ಟು ಬಿಟ್ಟಿದ್ದೆ ಎಂಬುದು ಕಣ್ಣಿಗೆ ಕಟ್ಟಿದಂತಿತ್ತು. ಎದುರಿನ ಮೂರನೆಯ ಗುಳಿ ಖಾಲಿ. ಗೆದ್ದ ಐದು ಚಿಪ್ಪು ಪಕ್ಕದಲ್ಲಿ ಬೇರೆಯಾಗಿ ಇದ್ದವು. ಎಲ್ಲ ಸೇರಿಸಿದರೆ ಐವತ್ತಾರೇ. ಬಿತ್ತಿದ್ದು ಮಾತ್ರ ಎದುರು ಕೂತವರ ಬಲದಿಂದ ಎಡಕ್ಕೆ.

“ಗಾಳಿ ಕಣೇ, ಮರಳುಗಾಡಿನ ಗಾಳಿ ಏನು ಬೇಕಾದ್ರೂ ಮಾಡತ್ತೆ,” ಎಂದರು ನನ್ನವರು.

“ಗಾಳಿ ಲೆಕ್ಕ ಇಟ್ಟು ಒಂದೊಂದೇ ಹಂಚ್ತದಾ?” ಎಂದೆ. ಹಮೀದರ ಮುಖ ನೋಡಿದೆ. “ವಲ್ಲಾಹಿ, ನಾನು ಮುಟ್ಲಿಲ್ಲ ಅಕ್ಕಾ,” ಎಂದು ಆಣೆ ಇಟ್ಟರು. ಮುಟ್ಟುವುದು ಸಾಧ್ಯವೂ ಇರಲಿಲ್ಲ. ಬಂಡೆಯ ಸುತ್ತಲಿನ ಮರಳಿನಲ್ಲಿ ನಾವು ಬಂದು ಹೋದ ಗುರುತು ಬಿಟ್ಟರೆ ಬೇರೆ ಹೆಜ್ಜೆಯಿಲ್ಲ.

ಹೆದರಬೇಕಿತ್ತು. ಆದರೆ ನನಗೆ ಕುತೂಹಲ ಹೆಚ್ಚಿತು. ನನ್ನ ಆಟ ಆಡಿ, ಕಣ್ಣು ಮಿಟುಕಿಸದೆ ಕಾಯುತ್ತ ಕೂತೆ. ಏನೂ ಆಗಲಿಲ್ಲ. ಕೊನೆಗೆ ಇಬ್ಬರನ್ನೂ ಕರೆದುಕೊಂಡು ದಿಬ್ಬದ ಆಚೆ ಹೋಗಿ ಬಂದೆ. ಮತ್ತೆ ಒಂದು ಆಟ ಆಗಿತ್ತು, ಮತ್ತೆ ಬಲದಿಂದ ಎಡಕ್ಕೆ. ಅಲ್ಲಿಗೆ ನನ್ನ ಕುತೂಹಲವೆಲ್ಲ ಕರಗಿ ಅಳು ನುಗ್ಗಿ ಬಂತು. ಗಂಡನ ಮುಂದೆ, ಪರರ ಮುಂದೆ ಎಂಬ ನಾಚಿಕೆಯೂ ಇಲ್ಲದೆ ಗೊಳೋ ಎಂದು ಅತ್ತೆ. ‘ಅಕ್ಕ, ನಾನು ಹಾಗೆ ಅನ್ನಬಾರದಿತ್ತು’ ಎಂದು ಆ ಬಂಡೆಗೇ ಹೇಳಿದೆ.

“ಯಲ್ಲಾ, ಹೋಗುವ ಅಕ್ಕಾ. ಈ ಜಾಗ ಸರಿ ಇಲ್ಲ,” ಎಂದು ಹಮೀದ್ ಅವಸರ ಮಾಡಿದರು. ಅಮ್ಮನ ಹಾಗೆ ಕಾಯಿ ಗುಡಿಸಲು ನನಗೆ ಮನಸ್ಸಾಗಲಿಲ್ಲ. ನನ್ನ ಪಾಲಿನ ಆಟ ಆಡಿ, ಚಿಪ್ಪುಗಳನ್ನು ಹಾಗೇ ಬಿಟ್ಟು ಎದ್ದೆ.

ದೋಹಾಕ್ಕೆ ಬಂದವಳೇ ಮನೆಗೆ ಹೋಗದೆ ರಸ್ತೆಬದಿಯ ಬೂತಿನಿಂದ ಫೋನ್ ಮಾಡಿದೆ. ನಾವು ಮನೆಯಲ್ಲಿ ಆಡುವುದು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. “ಅಕ್ಕಾ, ನಾನು,” ಎಂದೆ. ಇಡುತ್ತಾಳೆಂದು ಕಾದೆ. ಇಡಲಿಲ್ಲ.

“ಹೇಳು,” ಎಂದಳು, ನಿನ್ನೆ ಮೊನ್ನೆ ಮಾತಾಡಿದವಳ ಹಾಗೆ. “ಊಟ ಆಯ್ತಾ?”

ತಪ್ಪಾಯಿತು ಎಂದೆ. ಅವಳೂ ಅತ್ತಳು. ಕಾರ್ಡಿನ ದುಡ್ಡು ಮುಗಿದು ಫೋನ್ ತಾನಾಗಿಯೇ ಕಡಿಯುವವರೆಗೂ ಇಬ್ಬರೂ ಅತ್ತದ್ದೇ ಹೆಚ್ಚು. ಬಂಡೆಯ ವಿಷಯ ನಾನು ಎತ್ತಲಿಲ್ಲ.

ಮುಂದಿನ ರಜೆ ಆಟಿ ತಿಂಗಳಿಗೇ ಬಂತು. ಕಾರ್ಕಳ ಮುಟ್ಟಿದ ಎರಡನೆಯ ದಿನ ಮಧ್ಯಾಹ್ನ ಅಕ್ಕ ತಾನೇ ಅಟ್ಟ ಹತ್ತಿ ಮಣೆ ಇಳಿಸಿ, ಒರೆಸಿ, ನನ್ನೆದುರು ಇಟ್ಟಳು. “ನಾವಿಬ್ಬರು ಆಡಬಾರದಲ್ವಾ?” ಎಂದೆ.

“ಆಡಿದ್ರೆ ಮಾತು ಬಿಡ್ತಾರೆ ಅಂತ ಅಲ್ವಾ ಹೇಳುವುದು? ಅದನ್ನು ಬಿಟ್ಟೂ ಆಯ್ತು. ಇನ್ನೆಂತ ಹೋಗ್ಲಿಕ್ಕುಂಟು? ಕೂತ್ಕೋ,” ಎಂದಳು.

ನಾನು ಬೇಕೆಂದೇ ಜಸ್ಸಾಸಿಯದಲ್ಲಿ ಆಡಿದ ಮೊದಲ ಆಟವನ್ನೇ ಆಡಿದೆ. ಅವಳು ಒಂದು ಕ್ಷಣವೂ ಯೋಚಿಸದೆ ಎಡಗೈ ಚಾಚಿ ತನ್ನ ಮೂರನೆಯ ಗುಳಿಯ ಕಾಯಿ ಎತ್ತಿಕೊಂಡು ಎಡಕ್ಕೆ ಬಿತ್ತುತ್ತ ಹೋದಳು. ಗೆದ್ದ ಐದು ಕಾಯಿಯನ್ನು ಪಕ್ಕಕ್ಕಿಟ್ಟಳು. ನಾನು ಅವಳ ಮುಖವನ್ನೇ ನೋಡಿದೆ.

“ಎಂತ ನೋಡ್ತಿ? ನಿನ್ನ ಕೈ,” ಎಂದಳು.

ಅದು ಅವಳ ಚಿಕ್ಕಂದಿನ ರೂಢಿ ಇರಬಹುದು. ನನ್ನವರು ಇವತ್ತಿಗೂ ಗಾಳಿ ಎನ್ನುತ್ತಾರೆ. ಆ ಶುಕ್ರವಾರ ಮಧ್ಯಾಹ್ನ ನೀನು ಏನು ಮಾಡುತ್ತಿದ್ದೆ ಎಂದು ಅಕ್ಕನನ್ನು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಅವಳು ಈಗಲೂ ವಾರಕ್ಕೆರಡು ಸಲ ಫೋನ್ ಮಾಡುತ್ತಾಳೆ, ಹಲಸಿನ ಹಪ್ಪಳದಿಂದ ಹಿಡಿದು ಮೊಣಕಾಲು ನೋವಿನವರೆಗೆ ಎಲ್ಲ ಮಾತಾಡುತ್ತೇವೆ, ಆದರೆ ಅದೊಂದನ್ನು ನಾನು ಕೇಳಿಲ್ಲ. ಮಣೆ ಇಳಿಸಿ ಒಬ್ಬಳೇ ಆಡುತ್ತಿದ್ದೆ ಎಂದಳಾದರೆ ನನ್ನ ಎದೆ ನಡುಗುತ್ತದೆ, ನಿಜ. ಆದರೂ ಅದನ್ನು ಹೇಗೋ ತಡೆದುಕೊಂಡೇನು. ‘ಇಲ್ಲಪ್ಪ, ಅವತ್ತು ನಿನ್ನ ನೆನಪೇ ಇರಲಿಲ್ಲ’ ಎಂದುಬಿಟ್ಟರೆ, ಆ ಬಂಡೆಯ ಮೇಲೆ ನನ್ನೆದುರು ಕೂತು, ನನ್ನ ಅಳು ಕೇಳಿಸಿಕೊಂಡವರು ಯಾರು?