ಕಂಬದ ಬುಡದ ಉಡ

ಕಲಾ ಇತಿಹಾಸದ ಎಂ.ಎ. ಪ್ರಬಂಧಕ್ಕಾಗಿ ನಾನು ವಾರಕ್ಕೊಮ್ಮೆ ಬಂಟ್ವಾಳದಿಂದ ಬಸ್ಸು ಹತ್ತಿ ಮೂಡುಬಿದಿರೆಯ ಒಂದು ಬಸದಿಗೆ ಹೋಗುತ್ತಿದ್ದೆ. ಕಂಬಗಳ ಕೆತ್ತನೆಗಳನ್ನೆಲ್ಲ ಬರೆದುಕೊಂಡು, ಇನ್ನೇನೂ ಉಳಿದಿಲ್ಲವೆಂದು ಬೀಗುತ್ತಿದ್ದಾಗ, ಬಸದಿ ಗುಡಿಸುವ ಅಮ್ಮ ಹೇಳಿದರು: "ಆ ಕಂಬದ ಬುಡದಲ್ಲಿ ಒಂದು ಉಡ ಉಂಟು ಮಗಾ. ನಿಂತವರಿಗೆ ಕಾಣುವುದಿಲ್ಲ, ನನ್ನ ಹಾಗೆ ಬಗ್ಗಿ ಗುಡಿಸಬೇಕು."

ನೆಲಕ್ಕೆ ಕೆನ್ನೆ ತಾಗಿಸಿ ನೋಡಿದೆ. ಕಲ್ಲಿನಲ್ಲಿ ಕೆತ್ತಿದ ಬೆರಳುದ್ದದ ಉಡ ನಿಜಕ್ಕೂ ಅಲ್ಲಿತ್ತು.

ಪ್ರಬಂಧದಲ್ಲಿ ಮಾತ್ರ "ನಾನು ಗುರುತಿಸಿದ್ದು" ಎಂದು ಬರೆದೆ. ಗುಡಿಸುವವರಿಂದ ತಿಳಿಯಿತು ಎಂದರೆ ನನ್ನ ವಿದ್ವತ್ತಿಗೆ ಕಡಿಮೆ ಎಂಬ ದರಿದ್ರ ಜಂಬ ನನ್ನದು. ಮೌಖಿಕ ಪರೀಕ್ಷೆಯಲ್ಲಿ ಎಲ್ಲರೂ ಹೊಗಳಿದ್ದು ಆ ಉಡವನ್ನೇ.

ಬೈಂಡ್ ಮಾಡಿಸಿದ ಪ್ರತಿಯನ್ನು ಬಸದಿಯ ಆ ಅಮ್ಮನಿಗೆ ತೋರಿಸಲು ಹೋದೆ. ಯಾಕಾದರೂ ಹೋದೆನೋ! ಅವರಿಗೆ ಕನ್ನಡ ಓದಲು ಬರುತ್ತದೆ, ಪ್ರಬಂಧ ಇಂಗ್ಲಿಷಿನಲ್ಲಿತ್ತು.

"ನನ್ನ ಹೆಸರು ಉಂಟಾ ಇದರಲ್ಲಿ?"

"ಉಂಟು" ಎಂದುಬಿಟ್ಟೆ.

"ಎಲ್ಲಿ, ತೋರಿಸು ನೋಡುವ."

ಉಡದ ಪುಟ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟೆ. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು, ಆ ಸಾಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

ಅಷ್ಟು ವಾರ ಓಡಾಡಿಯೂ ಅವರ ಹೆಸರೇನೆಂದು ನಾನು ಒಮ್ಮೆಯೂ ಕೇಳಿರಲಿಲ್ಲ.