ನ್ಯೂವರ್ಕ್ ಬಂದರಿನಲ್ಲಿ ಕಲಘಟಗಿ ತೊಟ್ಟಿಲು

ಶುಕ್ರವಾರ ಬೆಳಗ್ಗೆ ಏಳೂವರೆಗೆ ಅಮೆರಿಕದ ಕೆಂಡಲ್ ಪಾರ್ಕ್‌ನ ಮಗಳ ಮನೆಯಿಂದ ಹೊರಟೆವು. ಕಾರು ಓಡಿಸುತ್ತಿದ್ದವರು ಅಳಿಯ ಮಲ್ಲಿಕಾರ್ಜುನ. ನ್ಯೂವರ್ಕ್ ಬಂದರಿಗೆ ಸುಮಾರು ಮೂವತ್ತು ಮೈಲಿ. ಬಾಣಂತಿಯ ಕೋಣೆ ಬಿಟ್ಟು ಎಲ್ಲೂ ಹೋಗದಿದ್ದ ನನಗೆ ಅದೇ ದೊಡ್ಡ ಯಾತ್ರೆ. ಮಾರ್ಚ್ ತಿಂಗಳ ಚಳಿಗೆ ಸೀರೆಯ ಮೇಲೆ ಅಳಿಯನ ಕೋಟು, ಕಾಲಿಗೆ ಮಗಳ ಬೂಟು. ನನ್ನ ವೇಷಕ್ಕೆ ನನಗೇ ನಗು ಬಂತು.

ತರಬೇಕಾದದ್ದು ಕಲಘಟಗಿಯ ಬಣ್ಣದ ತೊಟ್ಟಿಲು. ಚೊಚ್ಚಲ ಕೂಸಿಗೆ ತವರಿನ ತೊಟ್ಟಿಲೇ ಆಗಬೇಕೆಂದು ಹಟ ಹಿಡಿದು, ವುಡ್‌ಬ್ರಿಡ್ಜ್‌ನ ಗುಜರಾತಿ ವ್ಯಾಪಾರಿಯೊಬ್ಬರ ಹಿತ್ತಾಳೆ ಪಾತ್ರೆಗಳ ಜೊತೆ ಹಡಗಿಗೆ ಹಾಕಿಸಿದ್ದೆ. ಭಾನುವಾರವೇ ನಾಮಕರಣ.

ಅಬ್ಬಾ, ಆ ಬಂದರು! ಕಬ್ಬಿಣದ ಪೆಟ್ಟಿಗೆಗಳನ್ನು ಐದಂತಸ್ತು ಪೇರಿಸಿದ್ದರು. ಹಡಗಿನಿಂದ ಇಳಿದ ಜಪಾನಿನ ಕಾರುಗಳು ಹೊಲದಲ್ಲಿ ನಾಟಿ ಮಾಡಿದಂತೆ ಸಾಲಾಗಿ ನಿಂತಿದ್ದವು. ವ್ಯಾಪಾರಿಯ ಗೋದಾಮು ವಿಶೇಷ ವಲಯದ ಬೇಲಿಯೊಳಗಿತ್ತು. ಅಲ್ಲಿರುವ ತನಕ ಸರಕಿಗೆ ಸುಂಕವಿಲ್ಲ, ಅದು ಅಮೆರಿಕದೊಳಗೆ ಬಂದಂತೆಯೂ ಅಲ್ಲ ಎಂದು ಅಳಿಯ ವಿವರಿಸಿದರು. ನೆಲ ಅಮೆರಿಕದ್ದು, ಗಾಳಿ ಅಮೆರಿಕದ್ದು, ಪೆಟ್ಟಿಗೆಗೆ ಮಾತ್ರ ಇನ್ನೂ ಅಮೆರಿಕ ಬಂದಿಲ್ಲ! ಭಾರೀ ಮಜವೆನಿಸಿತು.

ಗೋದಾಮಿನಲ್ಲಿ ಆ ಮಜ ಇಳಿಯಿತು. ಕೃಷಿ ತಪಾಸಣೆಯ ಎತ್ತರದ ಹೆಂಗಸೊಬ್ಬರು ನಮ್ಮ ಪೆಟ್ಟಿಗೆ ತೆರೆದು, ಒಳಗಿನ ಭತ್ತದ ಹುಲ್ಲನ್ನು ತೋರಿಸಿದರು. ಹುಲ್ಲಿನಲ್ಲಿ ಕೀಟ ಬರುತ್ತದೆ, ಹಾಗಾಗಿ ಪೆಟ್ಟಿಗೆಯನ್ನು ವಾಪಸು ಕಳಿಸಬೇಕು, ಇಲ್ಲವೇ ಸುಡಬೇಕು ಎಂದರು. ಹುಲ್ಲು ತುರುಕಿಸಿದವಳು ನಾನೇ. ರದ್ದಿ ಕಾಗದ ಸಾಕೆಂದ ಬಡಿಗೇರನನ್ನು ಬೈದು, ನಮ್ಮ ಗದ್ದೆಯದನ್ನೇ ತರಿಸಿದ್ದೆ.

ಅಳಿಯ ಒಂದು ಮಾತೂ ಆಡಿಕೊಳ್ಳಲಿಲ್ಲ. "ಅತ್ತಿ, ಪೆಟ್ಟಿಗಿ ಇನ್ನೂ ಒಳಗ ಬಂದಿಲ್ಲಲ್ಲ. ಹುಲ್ಲು ಇಲ್ಲೇ ತಗದ್ರ ನಡೀತದೇನು, ಕೇಳ್ತೀನಿ ತಡೀರಿ" ಎಂದರು. ಆಕೆ ಮೇಲಿನವರಿಗೆ ಫೋನ್ ಮಾಡಿ ಒಪ್ಪಿದರು. ಹುಲ್ಲನ್ನೆಲ್ಲ ಚೀಲಕ್ಕೆ ತುಂಬಿ ಸುಡಲು ಕೊಡಬೇಕು. ತಪಾಸಣೆಯಲ್ಲಿ ಒಂದೇ ಒಂದು ಎಳೆ ಸಿಕ್ಕರೂ ತೊಟ್ಟಿಲು ವಾಪಸು.

ಕೋಟು ಬಿಚ್ಚಿ ನೆಲದ ಮೇಲೆ ಕುಳಿತೆ. ಬಳೆಗೆ ಸಿಕ್ಕಿಸಿದ್ದ ಸೇಫ್ಟಿ ಪಿನ್ ತೆಗೆದು, ತೊಟ್ಟಿಲಿಗೆ ಕೆತ್ತಿದ್ದ ಗಿಳಿಗಳ ಕೊಕ್ಕಿನ ಸಂದಿ, ಕಾಲುಗಳ ಗೀರು, ಒಂದನ್ನೂ ಬಿಡದೆ ಕೆದಕಿದೆ. ಅಳಿಯ ಟಾರ್ಚ್ ಹಿಡಿದರು. ಎರಡು ಗಂಟೆ ಹೋದದ್ದೇ ತಿಳಿಯಲಿಲ್ಲ. ಇಷ್ಟು ಅವಸರವೇಕೆ ಎಂದು ಆಕೆ ಕೇಳಿದರಂತೆ.

"ಕೂಸಿಗಿನ್ನೂ ಹೆಸರಿಲ್ಲಂತ ಹೇಳ್ರಿ. ತೊಟ್ಟಿಲಾಗ ಹಾಕಿದ ಮ್ಯಾಲೇ ಹೆಸರು" ಎಂದೆ.

ಅಳಿಯ ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ಆಕೆ ತಮ್ಮ ಚಿಮುಟ ತಂದು ಎದುರಿಗೆ ಕುಳಿತರು. ಆಮೇಲೆ ನಾವಿಬ್ಬರೂ ಒಂದೊಂದು ಎಳೆ ಸಿಕ್ಕಾಗಲೂ ಪರಸ್ಪರ ತೋರಿಸಿಕೊಂಡು ಚೀಲಕ್ಕೆ ಹಾಕಿದೆವು.

ಕೊನೆಗೆ ಆಕೆಯೇ ಟಾರ್ಚ್ ಇಸಿದುಕೊಂಡು ಮೂಲೆಮೂಲೆ ನೋಡಿದರು. ಕಾಗದಕ್ಕೆ ಠಸ್ಸೆ ಬಿತ್ತು. ಇಬ್ಬರು ಆಳುಗಳು ತೊಟ್ಟಿಲನ್ನು ಗಾಡಿಯ ಮೇಲಿಟ್ಟು ಗೇಟು ದಾಟಿಸಿದರು. ಸಂತೋಷಕ್ಕೆ ನನ್ನ ಕಣ್ಣು ತುಂಬಿತು. ಹಿಂದೆಯೇ ಹೊರಟವಳನ್ನು ಆಕೆ ಕೈ ಅಡ್ಡ ಹಿಡಿದು ನಿಲ್ಲಿಸಿದರು.

ನನ್ನ ತುರುಬಿನಿಂದ ಹುಲ್ಲಿನ ಒಂದು ಎಳೆ ತೆಗೆದರು, ನೆರಿಗೆಯಿಂದ ಇನ್ನೆರಡು. ಹೆಣ್ಣು ನೋಡಲು ಬಂದವರಂತೆ ಒಂದು ಸುತ್ತು ತಿರುಗಿಸಿ ನೋಡಿದರು. ತೊಟ್ಟಿಲು ಅಮೆರಿಕ ಸೇರಿತ್ತು, ತಡೆ ಬಿದ್ದದ್ದು ನನಗೆ. ನಗುತ್ತ ಆಕೆ ಚೀಲದ ಬಾಯಿ ಕಟ್ಟಿ ಕೈ ಸರಿಸಿದರು. ವಯಸ್ಸು ಮರೆತು, ಮಗಳ ಬೂಟಿನಲ್ಲಿ, ತೊಟ್ಟಿಲ ಹಿಂದೆ ಓಡಿದೆ.